ಕವಾಯತಿನಿಂದ ಆಟದ ಬಯಲಿಗೆ



ಈ ಮಾಲಿಕೆಯ ಚಿತ್ರೀಕರಣಕ್ಕಾಗಿ ನಾವು ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆವು. ಕ್ಯಾಮೆರಾ ಕಂಡೊಡನೆ ಮುಖ್ಯೋಪಾಧ್ಯಾಯರು ಗಂಟೆ ಹೊಡೆಸಿದರು. ಐದೇ ನಿಮಿಷದಲ್ಲಿ ಮಕ್ಕಳೆಲ್ಲ ಬಯಲಿನಲ್ಲಿ ಸಾಲುಗಟ್ಟಿ ನಿಂತರು. ‘ಸಾವಧಾನ್’, ‘ವಿಶ್ರಾಮ್’ ಎಂಬ ಕೂಗಿಗೆ ಸರಿಯಾಗಿ ಇನ್ನೂರು ಜೊತೆ ಕಾಲುಗಳು ಒಟ್ಟಿಗೆ ಅಲುಗಿದವು. ನೋಡಲು ಚೆನ್ನಾಗಿತ್ತು, ನಾವೂ ಚಿತ್ರೀಕರಿಸಿಕೊಂಡೆವು. ಆಮೇಲೆ ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕಿ ವ್ಯಾನಿನತ್ತ ಹೊರಟಾಗ ಹಿಂದಿನಿಂದ ದೊಡ್ಡ ಗದ್ದಲ ಕೇಳಿತು. ತಿರುಗಿ ನೋಡಿದರೆ ಅದೇ ಮಕ್ಕಳು! ಎರಡು ಬೊಂಬಿನ ಗಳುಗಳ ನಡುವೆ ಹರಿದ ಬಲೆಯೊಂದನ್ನು ಕಟ್ಟಿ ವಾಲಿಬಾಲ್ ಆಡುತ್ತಿದ್ದರು. ಯಾರೂ ಗಂಟೆ ಹೊಡೆದಿರಲಿಲ್ಲ, ಯಾರೂ ಸಾಲು ನಿಲ್ಲಿಸಿರಲಿಲ್ಲ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುಳಿಯುತ್ತಿತ್ತು. ಆ ಸಾಲು ನಮ್ಮ ಶಾಲೆಗೆ ಎಲ್ಲಿಂದ ಬಂತು? ಆ ಚೆಂಡು ಎಲ್ಲಿಂದ ಬಂತು? ಎರಡೂ ಒಂದೇ ಬಯಲಿನಲ್ಲಿವೆ, ವೇಳಾಪಟ್ಟಿಯಲ್ಲಿ ಎರಡಕ್ಕೂ ‘ದೈಹಿಕ ಶಿಕ್ಷಣ’ ಎಂಬ ಒಂದೇ ಹೆಸರಿದೆ. ಆದರೆ ಅವುಗಳ ಚರಿತ್ರೆ ಬೇರೆ, ಉದ್ದೇಶವೂ ಬೇರೆ. ಆ ಚರಿತ್ರೆಯನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಎರಡು ಬಗೆಯ ಶಾಲೆ, ಎರಡು ಬಗೆಯ ಪಾಠ

ಕಥೆ ಆರಂಭವಾಗುವುದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಸಾರ್ವಜನಿಕರ ಶಾಲೆಯಲ್ಲ, ಹೆಚ್ಚು ಶುಲ್ಕ ಕೊಟ್ಟು ಶ್ರೀಮಂತರ ಮಕ್ಕಳು ಓದುತ್ತಿದ್ದ ವಸತಿ ಶಾಲೆ. ಈಟನ್, ಹ್ಯಾರೋ, ರಗ್ಬಿ ಮೊದಲಾದವು ಈ ಬಗೆಯವು. ಮೊದಮೊದಲು ಅಲ್ಲಿಯ ಮಕ್ಕಳು ತಮ್ಮಷ್ಟಕ್ಕೆ ತಾವೇ ಆಡಿಕೊಳ್ಳುತ್ತಿದ್ದರು. ಶಿಕ್ಷಕರಿಗೆ ಅದರಲ್ಲಿ ಪಾಲಿರಲಿಲ್ಲ. ಬಿಡುವಿನ ವೇಳೆಯಲ್ಲಿ ಹುಡುಗರು ಊರವರ ಹೊಲಗಳಿಗೆ ನುಗ್ಗುವುದು, ಜಗಳ ತೆಗೆಯುವುದು ಸಾಮಾನ್ಯವಾಗಿತ್ತು.

ಮಾರ್ಲ್‌ಬರೋ ಎಂಬ ಶಾಲೆಯಲ್ಲಿ 1851ರಲ್ಲಿ ಹುಡುಗರು ದಂಗೆಯೇ ಎದ್ದರು. ಮರು ವರ್ಷ ಅಲ್ಲಿಗೆ ಮುಖ್ಯೋಪಾಧ್ಯಾಯರಾಗಿ ಬಂದವರು ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. ಹಿಂದೆ ಅವರು ರಗ್ಬಿ ಶಾಲೆಯಲ್ಲಿ ಥಾಮಸ್ ಆರ್ನಲ್ಡ್‌ರ ಕೈಕೆಳಗೆ ಶಿಕ್ಷಕರಾಗಿದ್ದರು. ಹುಡುಗರನ್ನು ಹತೋಟಿಗೆ ತರಲು ಕಾಟನ್ ಬೆತ್ತವನ್ನೊಂದೇ ನಂಬಲಿಲ್ಲ. ಶಾಲೆಯ ಆವರಣದಲ್ಲೇ ಕ್ರಿಕೆಟ್ಟು, ಫುಟ್‌ಬಾಲುಗಳನ್ನು ಕ್ರಮವಾಗಿ ಆಡಿಸಿದರು. ಆಟದಲ್ಲಿ ದಣಿದ ಹುಡುಗ ಬೇಲಿ ಹಾರುವುದಿಲ್ಲ ಎಂಬುದು ಲೆಕ್ಕಾಚಾರ. ಜೊತೆಗೆ ತಂಡ ಕಟ್ಟುವುದು, ನಾಯಕತ್ವ ವಹಿಸುವುದು, ಸೋಲನ್ನು ಸಹಿಸುವುದು ಇವೆಲ್ಲ ಅಲ್ಲಿ ಕಲಿಕೆಯ ಭಾಗವಾದವು.

ಈ ಕಾಟನ್ ಹೆಸರನ್ನು ನೀವು ಕೇಳಿದ್ದೀರಿ. ಅವರು 1858ರಲ್ಲಿ ಕಲ್ಕತ್ತೆಯ ಬಿಷಪ್ ಆಗಿ ಭಾರತಕ್ಕೆ ಬಂದರು. 1865ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆ ಇವರ ಹೆಸರನ್ನೇ ಹೊತ್ತಿದೆ. ಹೀಗೆ ಇಂಗ್ಲೆಂಡಿನ ಶಾಲಾ ಆಟಗಳ ಸಂಪ್ರದಾಯ ನಮ್ಮ ದಂಡು ಪ್ರದೇಶಕ್ಕೂ ಕಾಲಿಟ್ಟಿತು. ರಾಜಕುಮಾರರಿಗಾಗಿ ರಾಜಕೋಟೆಯಲ್ಲಿ 1870ರಲ್ಲಿ ರಾಜಕುಮಾರ ಕಾಲೇಜು, ಅಜ್ಮೀರದಲ್ಲಿ 1875ರಲ್ಲಿ ಮೇಯೋ ಕಾಲೇಜು ತೆರೆದವು. ಅಲ್ಲಿಯೂ ಕ್ರಿಕೆಟ್ಟು, ಕುದುರೆ ಸವಾರಿ ಶಿಕ್ಷಣದ ಅಂಗಗಳಾದವು. ಪ್ರಸಿದ್ಧ ಕ್ರಿಕೆಟಿಗ ರಣಜಿತ್‌ಸಿಂಹಜಿ ಓದಿದ್ದು ರಾಜಕೋಟೆಯ ಆ ಕಾಲೇಜಿನಲ್ಲಿಯೇ.

ಆದರೆ ಬಡವರ ಮಕ್ಕಳ ಗತಿಯೇನು? ಇಂಗ್ಲೆಂಡಿನಲ್ಲಿ 1870ರ ಕಾಯಿದೆಯಿಂದ ಸಾಮಾನ್ಯ ಜನರ ಮಕ್ಕಳಿಗಾಗಿ ಪ್ರಾಥಮಿಕ ಶಾಲೆಗಳ ಜಾಲ ಹುಟ್ಟಿತು. ಅವುಗಳಿಗೆ ಆಟದ ಬಯಲಿರಲಿಲ್ಲ. 1871ರ ನಿಯಮಾವಳಿಯಲ್ಲಿ ಅವರಿಗಾಗಿ ಒಂದು ಅವಕಾಶ ಬಂತು. ವಾರಕ್ಕೆ 2 ಗಂಟೆ ಮೀರದಂತೆ, ವರ್ಷಕ್ಕೆ 20 ವಾರ ಮೀರದಂತೆ ಹುಡುಗರಿಗೆ ಸೈನಿಕ ಕವಾಯತು ಮಾಡಿಸಿದರೆ ಅದನ್ನು ಶಾಲಾ ಹಾಜರಿಯೆಂದೇ ಎಣಿಸಬಹುದಿತ್ತು. ಕವಾಯತು ಕಲಿಸುವವರು ಸೈನ್ಯದ ಸಾರ್ಜೆಂಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆಳುವವರಾಗಬೇಕಾದ ಮಕ್ಕಳಿಗೆ ಆಟ. ಆಜ್ಞೆ ಪಾಲಿಸಬೇಕಾದ ಮಕ್ಕಳಿಗೆ ಕವಾಯತು. ಆಟದಲ್ಲಿ ಕ್ಷಣಕ್ಷಣಕ್ಕೂ ನೀವೇ ತೀರ್ಮಾನ ಮಾಡಬೇಕು: ಚೆಂಡನ್ನು ಯಾರಿಗೆ ಕೊಡಲಿ, ಯಾವಾಗ ಮುಂದೆ ನುಗ್ಗಲಿ ಎಂದು. ಕವಾಯತಿನಲ್ಲಿ ತೀರ್ಮಾನ ಇನ್ನೊಬ್ಬರದು, ಕಾಲು ಮಾತ್ರ ನಿಮ್ಮದು. ಈ ಎರಡು ಬಗೆಯ ಪಾಠವೂ ಬ್ರಿಟಿಷರ ಜೊತೆಗೆ ಹಡಗು ಹತ್ತಿ ನಮ್ಮಲ್ಲಿಗೆ ಬಂದವು.

ಹಂಟರ್ ಆಯೋಗ ಹೇಳಿದ್ದು, ಶಾಲೆಗಳು ಮಾಡಿದ್ದು

ಭಾರತದ ಶಿಕ್ಷಣವನ್ನು ಪರಿಶೀಲಿಸಲು 1882ರಲ್ಲಿ ಹಂಟರ್ ಆಯೋಗ ನೇಮಕಗೊಂಡಿತು. ಮಕ್ಕಳ ದೇಹದ ಬೆಳವಣಿಗೆಗೆ ದೇಶೀಯ ಆಟಗಳು, ವ್ಯಾಯಾಮ, ಶಾಲಾ ಕವಾಯತು ಇವುಗಳಿಗೆ ಆಯಾ ಶಾಲೆಯ ಪರಿಸ್ಥಿತಿಗೆ ತಕ್ಕಂತೆ ಪ್ರೋತ್ಸಾಹ ಕೊಡಬೇಕೆಂದು ಅದು ಶಿಫಾರಸು ಮಾಡಿತು. ಗಮನಿಸಿ, ದೇಶೀಯ ಆಟಗಳ ಹೆಸರು ಪಟ್ಟಿಯಲ್ಲಿ ಮೊದಲು ಬಂದಿದೆ.

ಆದರೆ ಶಾಲೆಗಳಲ್ಲಿ ಗಟ್ಟಿಯಾಗಿ ಉಳಿದದ್ದು ಕವಾಯತು. ಕಾರಣ ಸರಳ. ಕವಾಯತಿಗೆ ಸಾಮಾನು ಬೇಡ, ದೊಡ್ಡ ಬಯಲು ಬೇಡ. ಒಬ್ಬನೇ ಮನುಷ್ಯ ಇನ್ನೂರು ಮಂದಿಯನ್ನು ಸಂಭಾಳಿಸಬಹುದು. ಸಾಹೇಬರು ತಪಾಸಣೆಗೆ ಬಂದಾಗ ತೋರಿಸಲೂ ಅನುಕೂಲ. ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು ಕಡಿಮೆ ಸಂಬಳಕ್ಕೆ ಸಿಗುತ್ತಿದ್ದರು. ‘ಡ್ರಿಲ್ ಮೇಷ್ಟ್ರು’ ಎಂಬ ಹೆಸರು ನಮ್ಮ ಭಾಷೆಗೆ ಬಂದದ್ದು ಹೀಗೆ. ಉಳಿದ ಶಿಕ್ಷಕರ ಸಾಲಿನಲ್ಲಿ ಅವರಿಗೆ ಕೊನೆಯ ಕುರ್ಚಿ ಸಿಗುತ್ತಿದ್ದುದೂ ಆಗಿನಿಂದಲೇ. ಓದು ಕಲಿಸುವವರು ಗುರುಗಳು, ಮೈ ಬಗ್ಗಿಸುವುದನ್ನು ಕಲಿಸುವವರು ಸಿಪಾಯಿ ಎಂಬ ಭೇದವನ್ನು ನಾವು ಇಂದಿಗೂ ಪೂರ್ತಿಯಾಗಿ ಬಿಟ್ಟಿಲ್ಲ.

ಗರಡಿ, ಯೋಗಶಾಲೆ, ಸೇವಾದಳ

ಹಾಗೆಂದು ನಮ್ಮವರು ದೇಹ ಸಾಧನೆ ಅರಿಯದವರಾಗಿರಲಿಲ್ಲ. ಮೈಸೂರಿನಿಂದ ಬೆಳಗಾವಿಯವರೆಗೆ ಊರೂರಿನಲ್ಲಿ ಗರಡಿ ಮನೆಗಳಿದ್ದವು. ಕೆಮ್ಮಣ್ಣಿನ ಅಖಾಡ, ಗದೆ, ಮಲ್ಲಕಂಬ, ದಂಡ, ಬಸ್ಕಿ ಇವೆಲ್ಲ ಶಾಲೆಯ ಹೊರಗೆ ಜೀವಂತವಾಗಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇವು ಶಾಲೆಯ ಬಾಗಿಲು ತಟ್ಟತೊಡಗಿದವು.

ಪುಣೆಯ ಡೆಕ್ಕನ್ ಜಿಮ್ಖಾನಾ 1914ರಲ್ಲಿ ಖೋ ಖೋ ಆಟಕ್ಕೆ ನಿಯಮಗಳನ್ನು ರೂಪಿಸಲು ಮುಂದಾಯಿತು. ಅದೇ ವರ್ಷ ಅಮರಾವತಿಯಲ್ಲಿ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಹುಟ್ಟಿತು. ಈ ಮಂಡಳಿಯ ತಂಡ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಕಬಡ್ಡಿ ಮೊದಲಾದ ಭಾರತೀಯ ಆಟಗಳನ್ನು ಪ್ರದರ್ಶಿಸಿತು. ಔಂಧ್ ಸಂಸ್ಥಾನದ ರಾಜರು ಸೂರ್ಯನಮಸ್ಕಾರವನ್ನು ತಮ್ಮ ಶಾಲೆಗಳಲ್ಲಿ ಅಭ್ಯಾಸಕ್ಕೆ ತಂದರು. ಲೋಣಾವಳಾದಲ್ಲಿ 1924ರಲ್ಲಿ ಕೈವಲ್ಯಧಾಮ ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ವಿಜ್ಞಾನದ ವಿದ್ಯಾರ್ಥಿಗಳ ವಿಶೇಷ ಗಮನಕ್ಕೆ ಅರ್ಹರು. ಯೋಗಕ್ರಿಯೆಗಳ ವೇಳೆ ದೇಹದೊಳಗಿನ ಒತ್ತಡ ಹೇಗೆ ಬದಲಾಗುತ್ತದೆ ಎಂಬುದನ್ನು ಅವರು ಕ್ಷ-ಕಿರಣ ಮತ್ತು ಒತ್ತಡಮಾಪಕಗಳಿಂದ ಅಳೆಯಲು ಹೊರಟರು. ಹಿರಿಯರು ಹೇಳಿದರೆಂದು ಒಪ್ಪದೆ, ಪಶ್ಚಿಮದವರು ನಕ್ಕರೆಂದು ಬಿಡದೆ, ಅಳೆದು ನೋಡೋಣ ಎಂದರು. ಮುಂದೆ ಮುಂಬಯಿ ಸರ್ಕಾರದ ದೈಹಿಕ ಶಿಕ್ಷಣ ಸಮಿತಿಗಳಲ್ಲಿಯೂ ಅವರು ದುಡಿದರು.

ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಕೋಲಾರ ಸೀಮೆಯ ಬೆಳ್ಳೂರಿನಿಂದ ಬಂದ, ಸದಾ ಕಾಯಿಲೆ ಬೀಳುತ್ತಿದ್ದ ಹುಡುಗನೊಬ್ಬ ಅಲ್ಲಿ ಕಲಿತ. ಜಗತ್ತಿಗೆಲ್ಲ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರೇ ಆ ಹುಡುಗ. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸಿ ಒಂದು ತಲೆಮಾರಿನ ಯುವಕರನ್ನು ಬೆಳೆಸಿದರು. ಕಾದಂಬರಿಕಾರರಾಗಿಯೂ ಅವರು ನಿಮಗೆ ಪರಿಚಿತರು. ‘ಶಾಂತಲಾ’ ಅವರದೇ ಕೃತಿ.

ಇನ್ನು ಕವಾಯತಿಗೂ ಒಂದು ತಿರುವು ಸಿಕ್ಕಿತು, ಅದೂ ನಮ್ಮ ಹುಬ್ಬಳ್ಳಿಯಿಂದ. ಅಮೆರಿಕದಲ್ಲಿ ಓದಿ ಬಂದಿದ್ದ ವೈದ್ಯ ನಾ.ಸು. ಹರ್ಡೀಕರ್ ಹುಬ್ಬಳ್ಳಿಯಲ್ಲಿ ತರುಣರನ್ನು ಸಂಘಟಿಸುತ್ತಿದ್ದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ಹುಬ್ಬಳ್ಳಿಯ ಸ್ವಯಂಸೇವಕರ ಶಿಸ್ತು ನಾಯಕರ ಗಮನ ಸೆಳೆಯಿತು. ಅದೇ ವರ್ಷ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ 1924ರ ಬೆಳಗಾವಿ ಅಧಿವೇಶನದಲ್ಲಿ ದಳದ ಸ್ವಯಂಸೇವಕರು ದುಡಿದರು. ಕಮಲಾದೇವಿ ಚಟ್ಟೋಪಾಧ್ಯಾಯರು ಮಹಿಳಾ ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದರು. ಬ್ರಿಟಿಷರು ಆಜ್ಞೆ ಪಾಲಿಸಲೆಂದು ಕಲಿಸಿದ ಕವಾಯತನ್ನೇ ನಮ್ಮವರು ಆಜ್ಞೆ ಮೀರುವುದಕ್ಕೆ ಬಳಸಿಕೊಂಡರು! ಸಾಲು ಅದೇ, ಹೆಜ್ಜೆ ಅದೇ. ಆದರೆ ಸಾಲಿನಲ್ಲಿ ನಿಂತವರು ತಾವಾಗಿ ಬಂದು ನಿಂತವರು. ವ್ಯತ್ಯಾಸವೆಲ್ಲ ಅಲ್ಲಿದೆ.

ಮದರಾಸಿಗೆ ಬಂದ ಮೇಷ್ಟ್ರು

ಈಗ ಚೆಂಡಿನ ಕಥೆಗೆ ಬರೋಣ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಗೆ ಸೇರಿದ ಶಿಕ್ಷಕರ ತರಬೇತಿ ಶಾಲೆಯೊಂದಿತ್ತು. ಅಲ್ಲಿಯ ಚಳಿಗಾಲದಲ್ಲಿ ಹೊರಗೆ ಹಿಮ. ಒಳಾಂಗಣದಲ್ಲಿ ಬರೀ ಕಸರತ್ತು ಮಾಡಿ ವಿದ್ಯಾರ್ಥಿಗಳಿಗೆ ಬೇಸರ. 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಒಳಾಂಗಣದ ಎರಡು ತುದಿಗಳಲ್ಲಿ 10 ಅಡಿ ಎತ್ತರಕ್ಕೆ ಹೊಡೆಸಿ, ಚೆಂಡನ್ನು ಅದರೊಳಗೆ ಹಾಕಿ ಎಂದರು. 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಬ್ಯಾಸ್ಕೆಟ್‌ಬಾಲ್ ಹುಟ್ಟಿತು. ಇಂದಿಗೂ ಅದರ ಬಳೆಯ ಎತ್ತರ 10 ಅಡಿಯೇ.

ಅದೇ ರಾಜ್ಯದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಎಂಬುವರಿಗೆ ಬೇರೆ ತೊಂದರೆ. ಅವರ ಬಳಿಗೆ ಬರುತ್ತಿದ್ದವರು ವಯಸ್ಸಾದ ವ್ಯಾಪಾರಿಗಳು. ಬ್ಯಾಸ್ಕೆಟ್‌ಬಾಲಿನ ಓಟ, ಡಿಕ್ಕಿ ಅವರಿಗೆ ಹೆಚ್ಚಾಯಿತು. ಮಾರ್ಗನ್ 1895ರಲ್ಲಿ ನಡುವೆ ಎತ್ತರಕ್ಕೆ ಬಲೆ ಕಟ್ಟಿ, ಚೆಂಡನ್ನು ಕೈಯಿಂದ ಆಚೆಗೀಚೆಗೆ ತಟ್ಟಿಸುವ ಆಟ ಕಟ್ಟಿದರು. ಅದೇ ವಾಲಿಬಾಲ್. ವಯಸ್ಸಾದ ವ್ಯಾಪಾರಿಗಳಿಗೆಂದು ಹುಟ್ಟಿದ ಆಟ ನಮ್ಮ ಹಳ್ಳಿಗಳ ತರುಣರ ಆಟವಾಗಿದೆ! ಕಾರಣ ನಿಮಗೇ ಗೊತ್ತು: ಒಂದು ಚೆಂಡು, ಒಂದು ಬಲೆ, ಎರಡು ಗಳು, ಒಕ್ಕಣೆಯ ಕಣದಷ್ಟು ಜಾಗ. ಇಷ್ಟಿದ್ದರೆ ಹನ್ನೆರಡು ಜನ ಆಡಬಹುದು.

ಈ ಆಟಗಳನ್ನು ನಮ್ಮ ಶಾಲೆಗಳಿಗೆ ತಲುಪಿಸಿದವರಲ್ಲಿ ಪ್ರಮುಖರು ಹ್ಯಾರಿ ಕ್ರೋ ಬಕ್. ಸ್ಪ್ರಿಂಗ್‌ಫೀಲ್ಡಿನಲ್ಲಿ ತರಬೇತಿ ಪಡೆದ ಅವರು 1919ರಲ್ಲಿ ಭಾರತಕ್ಕೆ ಬಂದು, 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಕರಿಗಾಗಿ ಒಂದು ಶಾಲೆ ತೆರೆದರು. ಇಂದು ಚೆನ್ನೈನ ನಂದನದಲ್ಲಿರುವ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಅದೇ.

ಬಕ್ ಮಾಡಿದ ಮುಖ್ಯ ಕೆಲಸ ಚೆಂಡು ಹಂಚಿದ್ದಲ್ಲ, ಶಿಕ್ಷಕರನ್ನು ತಯಾರು ಮಾಡಿದ್ದು. ದೈಹಿಕ ಶಿಕ್ಷಕನಾದವನಿಗೆ ದೇಹರಚನೆ ಗೊತ್ತಿರಬೇಕು, ಮಗುವಿನ ವಯಸ್ಸಿಗೆ ತಕ್ಕ ವ್ಯಾಯಾಮ ಯಾವುದೆಂದು ತಿಳಿದಿರಬೇಕು, ಆಟದ ನಿಯಮಗಳು ಲಿಖಿತವಾಗಿ ಕೈಯಲ್ಲಿರಬೇಕು ಎಂಬುದು ಅವರ ನಿಲುವು. ‘ವ್ಯಾಯಾಮ್’ ಎಂಬ ಪತ್ರಿಕೆಯೂ ಆ ಸಂಸ್ಥೆಯಿಂದ ಹೊರಟಿತು. ಅಲ್ಲಿ ಕಲಿತವರು ದಕ್ಷಿಣ ಭಾರತದ ಶಾಲೆಗಳಲ್ಲಿ ಹರಡಿಕೊಂಡರು. ಅತ್ತ ಮುಂಬಯಿ ಪ್ರಾಂತದ ಸರ್ಕಾರ 1938ರಲ್ಲಿ ಕಾಂದಿವಲಿಯಲ್ಲಿ ಇಂಥದೇ ತರಬೇತಿ ಸಂಸ್ಥೆ ತೆರೆಯಿತು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. ಹೀಗೆ ಹವಾಲ್ದಾರರ ಜಾಗಕ್ಕೆ ನಿಧಾನವಾಗಿ ತರಬೇತಿ ಪಡೆದ ಶಿಕ್ಷಕರು ಬಂದರು. ಬಕ್ 1943ರಲ್ಲಿ ಮದರಾಸಿನಲ್ಲಿಯೇ ತೀರಿಕೊಂಡರು.

ನಿಮಿಷವಲ್ಲ, ಸೆಕೆಂಡು

ಇದೇ ಕಾಲದಲ್ಲಿ ಇನ್ನೊಂದು ಘಟನೆ ನಡೆಯಿತು. ಉದ್ಯಮಿ ಸರ್ ದೊರಾಬ್ಜಿ ಟಾಟಾ 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಅಧ್ಯಕ್ಷರಾಗಿದ್ದರು. ಹಳ್ಳಿಗಾಡಿನ ಓಟಗಾರರು ಬರಿಗಾಲಲ್ಲಿ ಓಡುತ್ತಿದ್ದರು. ತರಬೇತಿ ಇಲ್ಲ, ಸರಿಯಾದ ಓಟದ ಪಥವಿಲ್ಲ. ಆದರೂ ಕೆಲವರ ವೇಳೆ ಯುರೋಪಿನ ಓಟಗಾರರ ಸಮೀಪಕ್ಕೆ ಬರುತ್ತಿತ್ತು. ಇವರನ್ನು ಒಲಿಂಪಿಕ್ಸಿಗೆ ಏಕೆ ಕಳಿಸಬಾರದು ಎಂದು ಟಾಟಾ ಯೋಚಿಸಿದರು.

ಆಗಿನ ತಿಳಿವಳಿಕೆ ಎಷ್ಟಿತ್ತೆಂಬುದಕ್ಕೆ ಅವರೇ ಮುಂದೆ ಒಂದು ಪ್ರಸಂಗವನ್ನು ಬರೆದಿದ್ದಾರೆ. 100 ಗಜದ ಓಟಕ್ಕೆ ಒಲಿಂಪಿಕ್ಸಿನಲ್ಲಿ ಎಷ್ಟು ವೇಳೆ ಹಿಡಿಯುತ್ತದೆ ಎಂದು ಅವರು ಸಮಿತಿಯವರನ್ನು ಕೇಳಿದಾಗ, ಒಂದರಿಂದ ಎರಡು ನಿಮಿಷ ಎಂಬ ಉತ್ತರ ಬಂತು! ಇದು ನಿಮಿಷದ ಮಾತಲ್ಲ, ಸೆಕೆಂಡಿನ ಭಾಗಗಳ ಮಾತು ಎಂದು ಟಾಟಾ ಹೇಳಿದಾಗ ಕೇಳಿದವರು ಬೆರಗಾದರು.

1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅವರು ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಆ ಸಲದ ಮ್ಯಾರಥಾನ್ ಈಗಿನ 42.195 ಕಿಲೋಮೀಟರಿಗಿಂತ ಉದ್ದವಾಗಿ, 42.75 ಕಿಲೋಮೀಟರ್ ಇತ್ತು. ಕರ್ನಾಟಕದ ಮಕ್ಕಳು ಈ ಹೆಸರನ್ನು ನೆನಪಿಡಬೇಕು. ಮುಂದೆ 1924ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಆಯ್ಕೆ ಕೂಟ ನಡೆದು, ಪ್ಯಾರಿಸ್ಸಿಗೆ ಹೋದ ತಂಡಕ್ಕೆ ಮದರಾಸಿನ ಬಕ್ ಅವರೇ ತರಬೇತುದಾರರಾದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿ, ಟಾಟಾ ಅಧ್ಯಕ್ಷರಾದರು.

ಇಲ್ಲಿಂದ ಶಾಲೆಯ ಬಯಲಿಗೆ ಇನ್ನೊಂದು ಉದ್ದೇಶ ಸೇರಿಕೊಂಡಿತು. ಶಿಸ್ತು, ಆರೋಗ್ಯಗಳ ಜೊತೆಗೆ ಪದಕ. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು.

ಸ್ವಾತಂತ್ರ್ಯದ ನಂತರ

1947ರ ದೇಶ ವಿಭಜನೆಯಲ್ಲಿ ಲಕ್ಷಾಂತರ ಮಕ್ಕಳು ನಿರಾಶ್ರಿತರಾದರು. ಅಂಥ ಮಕ್ಕಳಿಗಾಗಿ ದೆಹಲಿಯಲ್ಲಿದ್ದ ಕಸ್ತೂರ್ಬಾ ನಿಕೇತನದಲ್ಲಿ 1954ರಲ್ಲಿ ರಾಷ್ಟ್ರೀಯ ಶಿಸ್ತು ಯೋಜನೆ ಆರಂಭವಾಯಿತು. ಅದರ ರೂವಾರಿ ನೇತಾಜಿಯವರ ಆಜಾದ್ ಹಿಂದ್ ಫೌಜಿನಲ್ಲಿದ್ದ ಜನರಲ್ ಜಗನ್ನಾಥರಾವ್ ಭೋಂಸ್ಲೆ. ಮನೆ ಮಠ ಕಳೆದುಕೊಂಡ ಮಕ್ಕಳಿಗೆ ದಿನಚರಿ, ವ್ಯಾಯಾಮ, ಹಾಡು ಇವು ಒಂದು ಆಸರೆಯಾದವು. ಇಲ್ಲಿ ಕವಾಯತನ್ನು ಹೀಗಳೆಯುವಂತಿಲ್ಲ. ಬದುಕೇ ಚದುರಿಹೋದ ಮಗುವಿಗೆ ಸಾಲಿನಲ್ಲಿ ತನ್ನದೊಂದು ಜಾಗ ಇದೆ ಎನ್ನುವುದೂ ಧೈರ್ಯ ಕೊಡಬಲ್ಲದು.

ಅದೇ 1954ರಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ಸ್ಥಾಪನೆಯಾಯಿತು. 1857ರ ಸಂಗ್ರಾಮದ ಶತಮಾನೋತ್ಸವದ ವರ್ಷ 1957ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ತೆರೆಯಿತು. ತರಬೇತುದಾರರನ್ನು ತಯಾರಿಸಲು 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಂತು.

ಯೋಜನೆಗಳು ಹೆಚ್ಚಾಗಿ ಒಂದರ ಮೇಲೊಂದು ಬೀಳತೊಡಗಿದಾಗ, ಅವನ್ನು ಹೊಂದಿಸಲು 1959ರಲ್ಲಿ ಹೃದಯನಾಥ ಕುಂಜ್ರು ಅವರ ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ 1965ರಲ್ಲಿ ಎಲ್ಲವನ್ನೂ ಬೆಸೆದು ರಾಷ್ಟ್ರೀಯ ಕ್ಷಮತಾ ಪಡೆ ಎಂಬ ಒಂದೇ ಕಾರ್ಯಕ್ರಮ ಮಾಡಲಾಯಿತು. ನಡುವೆ 1962ರ ಚೀನಾ ಯುದ್ಧ ನಡೆದಿತ್ತು. ಕಾಲೇಜುಗಳಲ್ಲಿ ಎನ್.ಸಿ.ಸಿ. 1963ರಲ್ಲಿ ಕಡ್ಡಾಯವಾಗಿ, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ದೇಶಕ್ಕೆ ಭಯವಾದಾಗಲೆಲ್ಲ ಶಾಲೆಯ ಬಯಲಿನಲ್ಲಿ ಕವಾಯತಿನ ಸದ್ದು ಹೆಚ್ಚಾಗುವುದನ್ನು ನೀವು ಗುರುತಿಸಬಹುದು. ಇದು ಭಾರತಕ್ಕಷ್ಟೇ ಸೀಮಿತವಾದುದಲ್ಲ.

ಇಂಥ ಹೊತ್ತಿನಲ್ಲಿ ಎಚ್ಚರಿಕೆಯ ಮಾತು ಹೇಳಿದ್ದು ಕೊಠಾರಿ ಆಯೋಗ. 1966ರಲ್ಲಿ ವರದಿ ಕೊಟ್ಟ ಈ ಆಯೋಗ, ಸರ್ಕಾರದ ಕೆಲವು ಯೋಜನೆಗಳು ಬರೀ ದೇಹದ ಕ್ಷಮತೆಗೆ ಒತ್ತು ಕೊಟ್ಟು ದೈಹಿಕ ಶಿಕ್ಷಣದ ಶೈಕ್ಷಣಿಕ ಮೌಲ್ಯವನ್ನು ಮರೆಯುತ್ತಿವೆ ಎಂದಿತು. ದೈಹಿಕ ಶಿಕ್ಷಣ ಮನಸ್ಸನ್ನೂ ಗುಣವನ್ನೂ ಬೆಳೆಸುವಂಥದು ಎಂಬುದು ಅದರ ಅಭಿಪ್ರಾಯ. ವೇಳಾಪಟ್ಟಿಯ ಆ ಪೀರಿಯಡ್ಡಿಗೆ ‘ಡ್ರಿಲ್’ ಎನ್ನದೆ ‘ಶಿಕ್ಷಣ’ ಎಂದು ಹೆಸರಿಟ್ಟದ್ದಕ್ಕೆ ಅರ್ಥ ಬರುವುದು ಆಗಲೇ.

ಹುಡುಗಿಯರ ಪಾಲು

ಇಲ್ಲಿಯವರೆಗಿನ ಕಥೆಯಲ್ಲಿ ಹುಡುಗಿಯರು ಎಲ್ಲಿ ಎಂದು ನೀವು ಕೇಳಬೇಕು. ಕೇಳದಿದ್ದರೆ ನಾನೇ ಕೇಳುತ್ತೇನೆ. ಇಂಗ್ಲೆಂಡಿನ 1871ರ ಕವಾಯತಿನ ನಿಯಮ ಹುಡುಗರಿಗೆ ಮಾತ್ರ. ಗರಡಿ ಮನೆಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಭಾರತದ ಮಹಿಳೆಯರು ಒಲಿಂಪಿಕ್ಸಿನಲ್ಲಿ ಓಡಿದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜಾ ಆ ಮೊದಲಿಗರು. ನೀಲಿಮಾಗೆ ಆಗ 17 ವರ್ಷ. ಚೌಗುಲೆ ಓಡಿದ ಮೇಲೆ 32 ವರ್ಷ ಕಾಯಬೇಕಾಯಿತು.

ಕೇರಳ ಸರ್ಕಾರ 1976ರಲ್ಲಿ ಬಾಲಕಿಯರಿಗಾಗಿ ಕಣ್ಣೂರಿನಲ್ಲಿ ಕ್ರೀಡಾ ಶಾಲೆ ತೆರೆಯಿತು. ಅಲ್ಲಿ ಆಯ್ಕೆಯಾದವರಲ್ಲಿ ಪಯ್ಯೋಳಿಯ ಪಿ.ಟಿ. ಉಷಾ ಒಬ್ಬರು. ಓ.ಎಂ. ನಂಬಿಯಾರ್ ಅವರ ತರಬೇತಿಯಲ್ಲಿ ಬೆಳೆದ ಉಷಾ 1984ರಲ್ಲಿ ಲಾಸ್ ಏಂಜಲಿಸ್ಸಿನಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 55.42 ಸೆಕೆಂಡಿನಲ್ಲಿ ಮುಗಿಸಿದರು. ಮೂರನೆಯವರಾದ ರುಮೇನಿಯದ ಓಟಗಾರ್ತಿಯ ವೇಳೆ 55.41. ಒಂದು ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ತಪ್ಪಿತು. ಒಂದೆರಡು ನಿಮಿಷ ಎಂದು ಉತ್ತರ ಬಂದ ದೇಶ ಆರೂವರೆ ದಶಕಗಳಲ್ಲಿ ಎಲ್ಲಿಗೆ ಬಂದು ನಿಂತಿತು, ನೋಡಿ. ಸರ್ಕಾರಿ ಶಾಲೆಯ ಒಂದು ಬಾಗಿಲು ಒಬ್ಬ ಹುಡುಗಿಗೆ ತೆರೆದುದರ ಫಲ ಇದು.

ಆದರೆ ಉಷಾ ಒಬ್ಬರು. ಅದೇ ಬಯಲಿನ ಅಂಚಿನಲ್ಲಿ, ಹುಡುಗರ ಆಟ ಮುಗಿಯಲಿ ಎಂದು ಕಾದು ನಿಂತು ಗಂಟೆ ಹೊಡೆದಾಗ ತರಗತಿಗೆ ಮರಳುವ ಹುಡುಗಿಯರು ಎಷ್ಟೋ ಜನ. ಚೆನ್ನೈನ ವೈ.ಎಂ.ಸಿ.ಎ. ಮೂಲಕ ಪ್ರಚಾರಕ್ಕೆ ಬಂದ ಥ್ರೋಬಾಲ್ ನಮ್ಮ ಶಾಲೆಗಳಲ್ಲಿ ಹುಡುಗಿಯರ ಆಟವೆಂದೇ ಹೆಸರಾಗಿದೆ. ಅದು ಒಳ್ಳೆಯ ಆಟವೇ. ಆದರೆ ಅವರಿಗೆ ಇಷ್ಟು ಸಾಕು ಎಂಬ ಅರ್ಥ ಅದಕ್ಕೆ ಬರಬಾರದು.

ಇಂದಿನ ಲೆಕ್ಕ

2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಆಟದ ಬಯಲನ್ನೂ ಆಟದ ಸಾಮಗ್ರಿಯನ್ನೂ ಸೇರಿಸಿದೆ. 6ರಿಂದ 8ನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕೆನ್ನುತ್ತದೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ ಕ್ರೀಡಾ ಸಾಮಗ್ರಿಗಾಗಿ ಸರ್ಕಾರಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಗೊತ್ತುಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡ ಎಂದಿತು.

ಕಾಗದದ ಮೇಲೆ ದಾರಿ ಸುಗಮವಾಗಿದೆ. ಆದರೆ ಬಯಲು ಕಾಗದದ ಮೇಲಿರುವುದಿಲ್ಲ. ಹೊಸ ಕೊಠಡಿ ಕಟ್ಟಬೇಕೆಂದರೆ ಮೊದಲು ಕರಗುವುದು ಆಟದ ಬಯಲು. ಪರೀಕ್ಷೆ ಹತ್ತಿರ ಬಂದರೆ ಮೊದಲು ಮಾಯವಾಗುವುದು ಆಟದ ಪೀರಿಯಡ್ಡು. ನಾನು ಓದಿದ ಶಾಲೆಯಲ್ಲಿ ಹತ್ತನೆಯ ತರಗತಿಯ ಎರಡನೆಯ ಅರ್ಧದಲ್ಲಿ ನಾವು ಒಂದು ದಿನವೂ ಬಯಲಿಗಿಳಿಯಲಿಲ್ಲ. ಆ ಪೀರಿಯಡ್ಡುಗಳಲ್ಲಿ ವಿಜ್ಞಾನದ ಪಾಠ ಮುಗಿಸಿದರು. ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆದು ಕೆಂಪು, ನೀಲಿ ಬಣ್ಣ ತುಂಬಿದ್ದು ನನಗೆ ಚೆನ್ನಾಗಿ ನೆನಪಿದೆ. ಮುಂದೆ ನಾನು ವಿಜ್ಞಾನದ ಪದವಿಯನ್ನೇ ಪಡೆದೆ. ಆದರೆ ಹೃದಯದ ಪಾಠವನ್ನು ಹೃದಯಕ್ಕೆ ಕೆಲಸ ಕೊಡಬೇಕಾದ ಹೊತ್ತಿನಲ್ಲೇ ಕುಳಿತು ಕಲಿತೆವಲ್ಲ ಎಂಬುದು ಹೊಳೆದದ್ದು ಬಹಳ ವರ್ಷಗಳ ಮೇಲೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಗೆ ಶ್ರಮವಾಗುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ 420 ನಿಮಿಷ. 40 ನಿಮಿಷದ ಎರಡು ಪೀರಿಯಡ್ಡು ಸಿಕ್ಕರೂ 80 ನಿಮಿಷ. ಉಳಿದ 340 ನಿಮಿಷವನ್ನು ಹಳ್ಳಿಯ ಮಗು ಹೊಲ, ಕೆರೆ, ದಾರಿಗಳಲ್ಲಿ ಸಂಪಾದಿಸುತ್ತಿತ್ತು. ಮೊಬೈಲ್ ಬಂದ ಮೇಲೆ ಅದೂ ಖಾತ್ರಿಯಿಲ್ಲ.

ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಕ್ರೀಡಾಕೂಟಗಳು ಬೇಕು. ಚೌಗುಲೆ, ಉಷಾ ಅಂಥವರನ್ನು ಹುಡುಕಿ ತೆಗೆಯಲು ಅವು ದಾರಿ. ಆದರೆ ಕೂಟಕ್ಕೆ ಹೋಗುವವರು ಹತ್ತು ಮಂದಿ. ಚಪ್ಪಾಳೆ ತಟ್ಟಲು ಉಳಿದ ಇನ್ನೂರ ತೊಂಬತ್ತು ಮಂದಿಗೂ ಹೃದಯ, ಶ್ವಾಸಕೋಶಗಳಿವೆ. ದೈಹಿಕ ಶಿಕ್ಷಣ ಅವರಿಗೂ ಸಲ್ಲಬೇಕಾದದ್ದು. ಓಟದಲ್ಲಿ ಕೊನೆಗೆ ಬರುವ ಮಗುವಿಗೆ ಬಯಲಿನಲ್ಲಿ ಏನು ಸಿಗುತ್ತದೆ? ಒಂದು ಶಾಲೆಯ ದೈಹಿಕ ಶಿಕ್ಷಣವನ್ನು ಅಳೆಯಲು ಅಲ್ಲಿಯ ಕಪಾಟಿನಲ್ಲಿರುವ ಬಟ್ಟಲುಗಳನ್ನು ಎಣಿಸುವುದಕ್ಕಿಂತ ಈ ಪ್ರಶ್ನೆ ಕೇಳುವುದು ಮೇಲು.

ನೀವೇ ಮಾಡಿ ನೋಡಿ

ಈ ಚರಿತ್ರೆ ಪುಸ್ತಕದಲ್ಲಿ ಮುಗಿಯುವಂಥದಲ್ಲ. ನಿಮ್ಮ ಊರಿನಲ್ಲೇ ಅದರ ಪುಟಗಳಿವೆ. ನಾಲ್ಕು ಕೆಲಸ ಹೇಳುತ್ತೇನೆ.

ಒಂದು: ನಿಮ್ಮ ಶಾಲೆಯ ಆಟದ ಬಯಲನ್ನು ಟೇಪು ಹಿಡಿದು ಅಳೆಯಿರಿ. ಮೂವತ್ತು ವರ್ಷಗಳ ಹಿಂದೆ ಅದು ಎಷ್ಟಿತ್ತೆಂದು ಹಿರಿಯರನ್ನು ಕೇಳಿ ಹೋಲಿಸಿ.

ಎರಡು: ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಅವರು ಯಾವ ಆಟ ಆಡುತ್ತಿದ್ದರು, ಶಾಲೆಯಲ್ಲಿ ಕವಾಯತು ಹೇಗಿತ್ತು ಎಂದು ಬರೆದುಕೊಳ್ಳಿ. ಅಜ್ಜಿಯನ್ನು ಕೇಳುವುದನ್ನು ಮರೆಯಬೇಡಿ. ಆಟ ಯಾವ ವಯಸ್ಸಿಗೆ ನಿಂತಿತು, ಏಕೆ ನಿಂತಿತು ಎಂದೂ ಕೇಳಿ.

ಮೂರು: ಒಂದು ತಿಂಗಳು ನಿಮ್ಮ ದೈಹಿಕ ಶಿಕ್ಷಣದ ಪೀರಿಯಡ್ಡುಗಳನ್ನು ಗುರುತು ಹಾಕಿಡಿ. ಎಷ್ಟು ನಡೆದವು, ಎಷ್ಟು ಬೇರೆ ಪಾಠಕ್ಕೆ ಹೋದವು, ಹುಡುಗಿಯರು ಎಷ್ಟು ಹೊತ್ತು ಆಡಿದರು ಎಂಬ ಲೆಕ್ಕವಿರಲಿ. ಲೆಕ್ಕ ಕೈಯಲ್ಲಿದ್ದರೆ ಕೇಳುವ ಮಾತಿಗೆ ತೂಕ ಬರುತ್ತದೆ.

ನಾಲ್ಕು: ಕುಳಿತಿರುವಾಗ ನಿಮಿಷಕ್ಕೆ ನಿಮ್ಮ ನಾಡಿ ಬಡಿತ ಎಷ್ಟೆಂದು ಎಣಿಸಿ. ಬಯಲನ್ನು ಎರಡು ಸುತ್ತು ಓಡಿ ಮತ್ತೆ ಎಣಿಸಿ. ಮೊದಲಿನ ಸಂಖ್ಯೆಗೆ ಮರಳಲು ಎಷ್ಟು ನಿಮಿಷ ಬೇಕಾಯಿತೆಂದು ಬರೆದಿಡಿ. ವಾರಕ್ಕೆ ನಾಲ್ಕು ದಿನದಂತೆ ಎರಡು ತಿಂಗಳು ಓಡಿದ ಮೇಲೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಬಣ್ಣ ತುಂಬಿದ ಆ ಚಿತ್ರ ನಿಮ್ಮೊಳಗೇ ಕೆಲಸ ಮಾಡುವುದು ತಿಳಿಯುತ್ತದೆ.

ನಾವು ಹೋದ ಆ ಶಾಲೆಗೆ ಇನ್ನೊಮ್ಮೆ ಹೋಗಬೇಕೆಂದಿದ್ದೇವೆ. ಈ ಸಲ ಗಂಟೆ ಹೊಡೆಸಬೇಡಿ ಎಂದು ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿದ್ದೇನೆ. ಹರಿದ ಬಲೆಯ ಬದಲು ಹೊಸದೊಂದನ್ನು ನಮ್ಮ ತಂಡದವರೆಲ್ಲ ಕೈಗೂಡಿಸಿ ಕೊಂಡಿದ್ದೇವೆ.